ಬೆಂಕಿ ಪಂಪು, ಎರಡು ಫಿಯಟ್ ಮೂತಿ, ಒಂದು ಚೈನು: ಕೂಪರ್ ರೇಸ್ ಕಾರಿನ ಕಥೆ

(ಗೋಣಿಕೊಪ್ಪಲಿನಲ್ಲಿ ಫೆಬ್ರವರಿಯ ಒಂದು ಶನಿವಾರ ಸಂಜೆ, ಗದ್ದೆಯಲ್ಲಿ ನಡೆಯಲಿದ್ದ ಆಟೋಕ್ರಾಸ್ ಎಂಬ ಕಾರು ಓಟದ ಹಿಂದಿನ ದಿನ ಸೇರಿದ್ದ ಗೆಳೆಯರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕರೆಂಟು ಹೋಗಿ ಸುಮ್ಮನೆ ಕೂತಿದ್ದ ಇಪ್ಪತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವಾಗ ಅಮ್ಮತ್ತಿ ದಾಟಿದ ಮೇಲೆ ಒಂದು ತೋಟದ ಕೆರೆ ಏರಿಯಲ್ಲಿ ಸ್ಪ್ರಿಂಕ್ಲರ್ ಸೆಟ್ ಓಡುತ್ತಿತ್ತು. ಕಾಫಿ ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲವಲ್ಲ, ಎಲ್ಲ ತೋಟದಲ್ಲೂ ಈಗ ಪಂಪಿನದೇ ಸದ್ದು. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿದೆ. ಇವತ್ತಿನ ಮಾತನ್ನು ಎಲ್ಲಿಂದ ಶುರು ಮಾಡುವುದು ಎಂದು ಎರಡು ದಿನದಿಂದ ಯೋಚಿಸುತ್ತಿದ್ದವನಿಗೆ ಅಲ್ಲಿ ಉತ್ತರ ಸಿಕ್ಕಿತು. ನಾನು ಹೇಳಲಿರುವ ಕಾರು ಕಂಪನಿಯ ಅದೃಷ್ಟ ತಿರುಗಿದ್ದು ನೀರಿನ ಪಂಪು ಮಾಡುವವರ ಸಹವಾಸದಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ರೇಸ್ ಕಾರು ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಫೆರಾರಿ ಎನ್ನುತ್ತೀರಿ, ಉಳಿದವರು ಮೆಕ್‌ಲಾರೆನ್ ಎನ್ನುತ್ತೀರಿ. ನಾನು ಆರಿಸಿಕೊಂಡಿರುವುದು ಕೂಪರ್. ಮಿನಿ ಕೂಪರ್ ಎಂಬ ಪುಟ್ಟ ಕಾರಿನ ಹೆಸರಿನಲ್ಲಿ ಬಾಲದ ಹಾಗೆ ಅಂಟಿಕೊಂಡಿದೆಯಲ್ಲ, ಅದೇ ಕೂಪರ್. ಇವತ್ತು ಫಾರ್ಮುಲಾ ಒನ್‌ನಲ್ಲಿ ಓಡುವ ಒಂದೊಂದು ಕಾರಿನ ಎಂಜಿನ್ನೂ ಚಾಲಕನ ಬೆನ್ನ ಹಿಂದೆ ಇದೆ. ಅದನ್ನು ಅಲ್ಲಿಗೆ ತಂದು ಕೂರಿಸಿ, ಗೆದ್ದು ತೋರಿಸಿ, ಉಳಿದವರೆಲ್ಲ ತಮ್ಮ ಕಾರನ್ನು ತಿರುವುಮುರುವು ಮಾಡುವಂತೆ ಮಾಡಿದ್ದು ಒಬ್ಬ ಅಪ್ಪ ಮತ್ತು ಒಬ್ಬ ಮಗ, ಲಂಡನ್ನಿನ ಪಕ್ಕದ ಸರ್ಬಿಟನ್ ಎಂಬ ಊರಿನ ಗ್ಯಾರೇಜಿನಲ್ಲಿ.

ಅಪ್ಪ ಚಾರ್ಲ್ಸ್ ಕೂಪರ್. ಕೇ ಡಾನ್ ಎಂಬ ಹೆಸರಾಂತ ರೇಸ್ ಚಾಲಕನ ಕಾರುಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ಮಗ ಜಾನ್ ಹುಟ್ಟಿದ್ದು 1923ರಲ್ಲಿ. ಹುಡುಗನಿಗೆ ಹನ್ನೆರಡಾದಾಗ ಅಪ್ಪ ಆಸ್ಟಿನ್ ಸೆವೆನ್ ಎಂಜಿನ್ ಹಾಕಿ ಒಂದು ಪುಟ್ಟ ಕಾರು ಕಟ್ಟಿಕೊಟ್ಟರಂತೆ. ಇಲ್ಲಿ ಕೂತವರಿಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ತೋಟದೊಳಗಿನ ಮಣ್ಣುದಾರಿಯಲ್ಲಿ ಹನ್ನೆರಡಕ್ಕೇ ಜೀಪಿನ ಸ್ಟೇರಿಂಗ್ ಹಿಡಿದವರು ಈ ಹಾಲ್‌ನಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದರೆ ಕೈ ಎತ್ತದವರನ್ನು ಎಣಿಸುವುದೇ ಸುಲಭ. (ನಗು. ಕೈಗಳು ನಿಜಕ್ಕೂ ಎದ್ದವು. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರೂ ಎತ್ತಿದರು.) ಜಾನ್ ಹದಿನೈದಕ್ಕೆ ಶಾಲೆ ಬಿಟ್ಟು ಟೂಲ್‌ಮೇಕರ್ ಕೆಲಸ ಕಲಿಯಲು ಹೋದ.

ಮಹಾಯುದ್ಧ ಮುಗಿಯಿತು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್, ಜನರ ಕೈಯಲ್ಲಿ ಕಾಸಿಲ್ಲ, ಆದರೂ ರೇಸಿನ ಹುಚ್ಚು ಇಳಿದಿಲ್ಲ. ಹಾಗಾಗಿ ಒಂದಷ್ಟು ಉತ್ಸಾಹಿಗಳು ಬಡವರ ರೇಸಿಗೆ ದಾರಿ ಹುಡುಕಿದರು: ಎಂಜಿನ್ 500 ಸಿ.ಸಿ. ಮೀರಬಾರದು, ಅಂದರೆ ಬೈಕಿನ ಎಂಜಿನ್ ಸಾಕು. ಜಾನ್ ಮತ್ತು ಅವನ ಬಾಲ್ಯದ ಗೆಳೆಯ ಎರಿಕ್ ಬ್ರಾಂಡನ್ ಸೇರಿ 1946ರಲ್ಲಿ ಇದಕ್ಕೊಂದು ಕಾರು ಕಟ್ಟಲು ಹೊರಟರು.

ಇಲ್ಲಿ ಸ್ವಲ್ಪ ಹತ್ತಿರ ಬಂದು ನೋಡೋಣ.

ಫಿಯಟ್ ಟೊಪೊಲಿನೊ ಎಂಬ ಇಟಲಿಯ ಪುಟ್ಟ ಕಾರು. ಅದರ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಒಂದೇ ಒಂದು ಕಮಾನ್ ಪಟ್ಟಿ. ನಮ್ಮ ಹಳೆಯ ಜೀಪುಗಳಲ್ಲಿ ಕಮಾನು ಉದ್ದಕ್ಕೆ, ಚಕ್ರಕ್ಕೊಂದರಂತೆ ನಾಲ್ಕು ಇರುತ್ತದೆ. ಇದರಲ್ಲಿ ಹಾಗಲ್ಲ. ಒಂದು ಕಮಾನಿನ ನಡುವನ್ನು ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ ಬಿಗಿದು, ಎರಡು ತುದಿಯನ್ನು ಎರಡು ಚಕ್ರಕ್ಕೆ ಕೊಟ್ಟರೆ ಒಂದು ಚಕ್ರ ಕಲ್ಲು ಹತ್ತಿದಾಗ ಇನ್ನೊಂದು ತನ್ನ ಪಾಡಿಗೆ ಇರುತ್ತದೆ. ಕಮಾನು ಸ್ಪ್ರಿಂಗೂ ಹೌದು, ಚಕ್ರವನ್ನು ಮೇಲುಗಡೆ ಹಿಡಿದಿಟ್ಟುಕೊಳ್ಳುವ ತೋಳೂ ಹೌದು. ಒಂದು ಸಾಮಾನಿಗೆ ಎರಡು ಕೆಲಸ. ಹುಡುಗರು ಗುಜರಿಯ ಟೊಪೊಲಿನೊಗಳಿಂದ ಇಂಥ ಮುಂಭಾಗ ಎರಡನ್ನು ತಂದರು. ಒಂದನ್ನು ಮುಂದಕ್ಕೆ ಇಟ್ಟರು, ಇನ್ನೊಂದನ್ನು ತಿರುಗಿಸಿ ಹಿಂದಕ್ಕೆ ಇಟ್ಟರು, ನಡುವೆ ಬೆಸುಗೆ ಹಾಕಿದರು. ಎರಡು ಮೂತಿಯ ಕಾರು!

ಎಂಜಿನ್ ಜೆ.ಎ.ಪಿ. ಕಂಪನಿಯದು, ಸ್ಪೀಡ್‌ವೇ ಬೈಕ್ ಓಟಕ್ಕೆ ಮಾಡಿದ ಒಂಟಿ ಸಿಲಿಂಡರಿನದು. ಬುಲೆಟ್ ಬಿಚ್ಚಿ ಜೋಡಿಸಿದವರಿಗೆ ಇದರ ಸ್ವಭಾವ ಹೇಳಬೇಕಾಗಿಲ್ಲ. ಬೈಕಿನ ಎಂಜಿನ್, ಬೈಕಿನ ಗೇರ್‌ಬಾಕ್ಸ್, ಆದ್ದರಿಂದ ಚಕ್ರಕ್ಕೆ ಶಕ್ತಿ ಹೋಗುವುದೂ ಬೈಕಿನ ಹಾಗೆಯೇ, ಚೈನಿನಲ್ಲಿ. ಎಂಜಿನ್ನನ್ನು ಮುಂದೆ ಇಟ್ಟರೆ ಚಾಲಕನ ಕಾಲಡಿಯಿಂದ ಹಿಂದಿನ ಚಕ್ರದ ತನಕ ಚೈನು ಎಳೆಯಬೇಕು. ಅಷ್ಟುದ್ದದ ಚೈನು ನಾಯಿಯ ಬಾಲದ ಹಾಗೆ ಅಲ್ಲಾಡುತ್ತದೆ. ಎಂಜಿನ್ನನ್ನು ಹಿಂದಿನ ಚಕ್ರದ ಹತ್ತಿರವೇ ಇಟ್ಟುಬಿಟ್ಟರೆ ತುಂಡು ಚೈನು ಸಾಕು. ಇಟ್ಟರು.

ಇಷ್ಟೇ. ರೇಸ್ ಕಾರಿನ ಚರಿತ್ರೆಯನ್ನು ತಿರುಗಿಸಿದ ನಿರ್ಧಾರದ ಹಿಂದೆ ಇದ್ದದ್ದು ಚೈನಿನ ಉದ್ದ. ತಾವೇನೋ ವಿಜ್ಞಾನದ ಕ್ರಾಂತಿ ಮಾಡುತ್ತಿದ್ದೇವೆ ಎಂಬ ಭಾವನೆ ನಮಗಿರಲಿಲ್ಲ, ಅನುಕೂಲ ಅಂತ ಹಿಂದೆ ಇಟ್ಟೆವು ಎಂದು ಜಾನ್ ಕೂಪರ್ ಮುಂದೆ ತಾವೇ ಒಪ್ಪಿಕೊಂಡರು. ನನಗೆ ಈ ಮನುಷ್ಯ ಇಷ್ಟವಾಗುವುದು ಇದಕ್ಕೇ. ಗೆದ್ದ ಮೇಲೆ ಹಿಂದಿನ ದಿನಾಂಕ ಹಾಕಿ ಸಿದ್ಧಾಂತ ಬರೆದುಕೊಳ್ಳುವವರೇ ಹೆಚ್ಚು.

ಕಾರು ಓಡಿತು, ಗೆದ್ದಿತು, ನೋಡಿದವರು ನಮಗೂ ಒಂದು ಕಟ್ಟಿಕೊಡಿ ಎಂದರು. 1947ರ ಡಿಸೆಂಬರಿನಲ್ಲಿ ಕೂಪರ್ ಕಾರ್ ಕಂಪನಿ ಹುಟ್ಟಿತು. 1948ರಲ್ಲಿ ಒಂದು ಕಾರು ಕೊಂಡ ಹದಿನೆಂಟರ ಹುಡುಗನ ಹೆಸರು ಸ್ಟರ್ಲಿಂಗ್ ಮಾಸ್, ಮುಂದೆ ಹೆಸರಾಂತ ರೇಸ್ ಚಾಲಕನಾದವನು. ಈ 500 ಸಿ.ಸಿ. ವರ್ಗಕ್ಕೆ 1950ರಲ್ಲಿ ಫಾರ್ಮುಲಾ ತ್ರೀ ಎಂಬ ಅಧಿಕೃತ ಪಟ್ಟ ಸಿಕ್ಕಿತು. 1951ರಿಂದ 1954ರ ನಡುವಿನ 78 ಮುಖ್ಯ ಓಟಗಳಲ್ಲಿ 64ನ್ನು ಕೂಪರ್ ಕಾರುಗಳೇ ಗೆದ್ದವು. ಆಮೇಲೆ ಇಡೀ ಫಾರ್ಮುಲಾ ಒನ್ ವ್ಯಾಪಾರವನ್ನೇ ಕೈಯಲ್ಲಿಟ್ಟುಕೊಂಡ ಬರ್ನಿ ಎಕ್ಲೆಸ್ಟನ್ ಕೂಡ ಇಂಥದೊಂದು ಕಾರು ಓಡಿಸಿದವರೇ.

1950ರ ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ ಹ್ಯಾರಿ ಶೆಲ್ ಎಂಬಾತ 1100 ಸಿ.ಸಿ.ಯ ಎರಡು ಸಿಲಿಂಡರ್ ಕೂಪರ್ ತಂದು ನಿಂತ. ವಿಶ್ವ ಚಾಂಪಿಯನ್‌ಷಿಪ್ ಓಟವೊಂದರಲ್ಲಿ ಹೊರಟ ಮೊದಲ ಹಿಂದೆಂಜಿನ್ ಕಾರು ಅದು. ಮೊದಲ ಸುತ್ತಿನಲ್ಲೇ ಸಮುದ್ರದ ಅಲೆ ಬಂದರಿನ ಗೋಡೆ ಹಾರಿ ರಸ್ತೆ ಒದ್ದೆ ಮಾಡಿತ್ತು. ಎರಡನೆಯದಾಗಿ ಓಡುತ್ತಿದ್ದ ಕಾರು ಜಾರಿತು, ಅದರ ಮೇಲೊಂದು, ಅದರ ಮೇಲೊಂದು. ಆ ರಾಶಿಯಲ್ಲಿ ಶೆಲ್‌ನ ಕಾರೂ ಸಿಕ್ಕಿಕೊಂಡಿತು. ಚರಿತ್ರೆಯ ಮೊದಲ ಹೆಜ್ಜೆ ಒಂದು ಸುತ್ತೂ ಪೂರ್ತಿಯಾಗಲಿಲ್ಲ.

ಈಗ ಎಂಜಿನ್ ಹಿಂದಿದ್ದರೆ ಏನು ಲಾಭ? ಐಟಿಐಯಲ್ಲಿ ಇದನ್ನು ಬೋರ್ಡಿನ ಮೇಲೆ ಸೂತ್ರ ಬರೆದು ಪಾಠ ಮಾಡುತ್ತಿದ್ದೆ, ಮಕ್ಕಳು ತೂಕಡಿಸುತ್ತಿದ್ದರು. ಒಂದು ದಿನ ಕಾವಡಿಯ ಉದಾಹರಣೆ ಹೇಳಿದೆ, ಎಚ್ಚರವಾದರು. ಹೆಗಲ ಮೇಲೆ ಕಾವಡಿ, ಎರಡು ತುದಿಯಲ್ಲಿ ಎರಡು ಕೊಡ ನೀರು. ಹಿಂದಿನಿಂದ ಯಾರೋ ಕರೆದರು, ಗಕ್ಕನೆ ತಿರುಗಿ ನೋಡಿ. ಕೊಡಗಳು ಮೊದಲು ತಿರುಗುವುದಿಲ್ಲ. ತಿರುಗಲು ಶುರು ಮಾಡಿದ ಮೇಲೆ ನಿಲ್ಲುವುದಿಲ್ಲ, ನಿಮ್ಮನ್ನೂ ಎಳೆದುಕೊಂಡು ಹೋಗುತ್ತವೆ. ಈಗ ಅದೇ ಎರಡು ಕೊಡವನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ತಿರುಗಿ. ತೂಕ ಅಷ್ಟೇ ಇದೆ, ಆದರೆ ಸಲೀಸು.

ಆ ಕಾಲದ ಮುಂದೆಂಜಿನ್ ರೇಸ್ ಕಾರು ಕಾವಡಿಯ ಹಾಗಿತ್ತು. ಮೂತಿಯಲ್ಲಿ ಎಂಜಿನ್, ಬಾಲದಲ್ಲಿ ಪೆಟ್ರೋಲ್ ಟ್ಯಾಂಕು, ಗೇರ್‌ಬಾಕ್ಸ್. ಕೂಪರ್‌ನಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತ ಮುಂದೆ, ಚಾಲಕನ ಬೆನ್ನಿಗೆ ತಾಗಿದಂತೆ. ಪೆಟ್ರೋಲು ಅವನ ಎರಡು ಪಕ್ಕದಲ್ಲಿ. ಭಾರವೆಲ್ಲ ನಡುವೆ ಗುಡ್ಡೆ ಹಾಕಿಕೊಂಡಿದ್ದರಿಂದ ತಿರುವಿನಲ್ಲಿ ಮೂತಿ ಚಕ್ಕನೆ ತಿರುಗುತ್ತಿತ್ತು, ಜಾರಿದರೆ ಚಕ್ಕನೆ ಹತೋಟಿಗೂ ಬರುತ್ತಿತ್ತು. ಪೆಟ್ರೋಲು ಖಾಲಿಯಾಗುತ್ತ ಹೋದಂತೆ ಬಾಲದ ಟ್ಯಾಂಕಿನ ಕಾರು ಓಟದ ಮೊದಲು ಒಂದು ಥರ, ಕೊನೆಗೆ ಇನ್ನೊಂದು ಥರ ಆಡುತ್ತಿತ್ತು. ಕೂಪರ್‌ಗೆ ಆ ತೊಂದರೆ ಕಡಿಮೆ.

ಎರಡನೆಯದು ಹಿಡಿತ. ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಒಂದು ಜುಲೈಯಲ್ಲಿ ನಾಪೋಕ್ಲಿನ ಕಡೆ ನೆಂಟರ ತೋಟಕ್ಕೆ ಗೊಬ್ಬರ ಇಳಿಸಿ ಖಾಲಿ ಪಿಕಪ್ ತರುತ್ತಿದ್ದೆ. ಹೋಗುವಾಗ ಇಪ್ಪತ್ತು ಮೂಟೆ ಹೊತ್ತು ಗುರ್ ಎಂದು ಹತ್ತಿದ್ದ ಏರನ್ನು ಬರುವಾಗ ಖಾಲಿ ಗಾಡಿ ಹತ್ತಲೊಲ್ಲದು. ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ, ಕೆಸರು ಹಾರುತ್ತದೆ, ಗಾಡಿ ನಿಧಾನಕ್ಕೆ ಹಿಂದೆ ಸರಿದು ಸಿಲ್ವರ್ ಓಕ್ ಮರಕ್ಕೆ ಒರಗಿತು. ತೋಟದ ರೈಟರು ಬಂದು ನೋಡಿ, ನಕ್ಕು, ಇಬ್ಬರು ಆಳುಗಳನ್ನು ಹಿಂದೆ ಹತ್ತಿಸಿ, ನಾಲ್ಕು ಮೂಟೆ ಮಣ್ಣು ಹೇರಿಸಿದರು. ಹತ್ತಿತು. ತಳ್ಳುವ ಚಕ್ರದ ಮೇಲೆ ಭಾರ ಇದ್ದರೆ ಅದು ನೆಲ ಕಚ್ಚುತ್ತದೆ. ಕೂಪರ್‌ನಲ್ಲಿ ಎಂಜಿನ್ನೇ ಆ ನಾಲ್ಕು ಮೂಟೆ, ಮೇಲೆ ಹೆಚ್ಚಿನ ತೂಕ ಹೇರಬೇಕಾಗಿಲ್ಲ.

ಮೂರನೆಯದು ಗಾಳಿ. ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗಬೇಕೆಂದರೆ ನಡುವೆ ಪ್ರೊಪೆಲ್ಲರ್ ಶಾಫ್ಟ್ ಹಾಯಬೇಕು, ಚಾಲಕ ಅದರ ಮೇಲೆ ಕೂರಬೇಕು. ಶಾಫ್ಟೇ ಇಲ್ಲದಿದ್ದರೆ ಅವನನ್ನು ನೆಲಕ್ಕೆ ಹತ್ತಿರ ಕೂರಿಸಬಹುದು. ಕಾರು ಕುಳ್ಳಗಾಯಿತು, ಗಾಳಿಗೆ ಒಡ್ಡುವ ಎದೆ ಚಿಕ್ಕದಾಯಿತು, ಶಾಫ್ಟಿನ ತೂಕವೂ ಉಳಿಯಿತು.

ಒಂದು ಮಾತು ನ್ಯಾಯಕ್ಕಾಗಿ ಹೇಳಬೇಕು. ಎಂಜಿನ್ ಹಿಂದಿಟ್ಟವರಲ್ಲಿ ಕೂಪರ್ ಮೊದಲಿಗರಲ್ಲ. ಯುದ್ಧಕ್ಕೆ ಮೊದಲೇ, 1930ರ ದಶಕದಲ್ಲಿ, ಜರ್ಮನಿಯ ಆಟೋ ಯೂನಿಯನ್ ಕಂಪನಿ ಹದಿನಾರು ಸಿಲಿಂಡರಿನ ದೈತ್ಯ ಎಂಜಿನ್ನನ್ನು ಹಿಂದಿಟ್ಟು ಗೆದ್ದಿತ್ತು. ಆದರೆ ಅದನ್ನು ಹತೋಟಿಯಲ್ಲಿಡುವುದು ಕೆಲವೇ ಚಾಲಕರಿಗೆ ಸಾಧ್ಯವಾದ ವಿದ್ಯೆಯಾಗಿತ್ತು, ನೋಡಿದವರು ಇದು ನಮ್ಮ ಕೈಲಾಗದು ಎಂದು ಬಿಟ್ಟರು. ಕೂಪರ್‌ನದು ಯಾರು ಬೇಕಾದರೂ ಕೊಂಡು ಓಡಿಸಬಹುದಾದ ಕಾರು.

ಈಗ ಪಂಪಿಗೆ ಬರೋಣ.

ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಕಂಪನಿ ಫೋರ್ಕ್‌ಲಿಫ್ಟನ್ನೂ ಬೆಂಕಿ ಆರಿಸುವ ಪಂಪನ್ನೂ ಮಾಡುತ್ತಿತ್ತು. ಯುದ್ಧದ ನಂತರ ಬ್ರಿಟನ್ ಸರ್ಕಾರ ಹೊಸ ಪಂಪು ಕೇಳಿತು: ಹಳೆಯದರ ಅರ್ಧ ತೂಕ ಇರಬೇಕು, ಎರಡರಷ್ಟು ನೀರು ಹೊಡೆಯಬೇಕು. ವಾಲ್ಟರ್ ಹ್ಯಾಸನ್ ಮತ್ತು ಹ್ಯಾರಿ ಮಂಡಿ ಎಂಬ ಇಬ್ಬರು ಎಂಜಿನಿಯರುಗಳು ಅಲ್ಯೂಮಿನಿಯಂ ಬಳಸಿ ಹಗುರಾದ ಒಂದು ಸಾವಿರ ಸಿ.ಸಿ. ಎಂಜಿನ್ ಮಾಡಿದರು. ಯೋಚಿಸಿ ನೋಡಿ, ಬೆಂಕಿ ಪಂಪಿನ ಎಂಜಿನ್‌ಗೆ ಏನೇನು ಬೇಕು? ಕೆರೆಯಿಂದ ಕೆರೆಗೆ ಸ್ಪ್ರಿಂಕ್ಲರ್ ಸೆಟ್ ಹೊತ್ತವರಿಗೆ ಗೊತ್ತು. ಎತ್ತಿಕೊಂಡು ಓಡುವಷ್ಟು ಹಗುರವಿರಬೇಕು. ಎಳೆದ ಕೂಡಲೇ ಸ್ಟಾರ್ಟ್ ಆಗಬೇಕು. ಬಿಸಿಯಾಗಲಿ ಎಂದು ಕಾಯುವ ಹಾಗಿಲ್ಲ, ಮನೆ ಉರಿಯುತ್ತಿರುತ್ತದೆ, ತಣ್ಣಗಿರುವಾಗಲೇ ಪೂರ್ತಿ ಆಕ್ಸಿಲರೇಟರ್. ಗಂಟೆಗಟ್ಟಲೆ ಹಾಗೇ ಓಡಿದರೂ ಕೆಡಬಾರದು. ರೇಸ್ ಕಾರಿಗೆ ಬೇಕಾದ ಗುಣಗಳೂ ಇವೇ ತಾನೆ? ರೇಸಿನವರು ಮೂಸಿ ನೋಡಿದರು. ಪಂಪಿನಲ್ಲಿ 38 ಅಶ್ವಶಕ್ತಿ ಕೊಡುತ್ತಿದ್ದುದನ್ನು ಕೊಂಚ ಹಿಗ್ಗಿಸಿ, 1100 ಸಿ.ಸಿ. ಮಾಡಿ, 70ರ ಮೇಲಕ್ಕೆ ಎತ್ತಿದರು. ಕೂಪರ್‌ನ ಪುಟ್ಟ ಸ್ಪೋರ್ಟ್ಸ್ ಕಾರುಗಳ ಬೆನ್ನಿಗೆ ಅದು ಬಂದು ಕೂತಿತು.

ಬೆಂಕಿ ಪಂಪಿನ ಎಂಜಿನ್ನೇ ವಿಶ್ವ ಚಾಂಪಿಯನ್ ಆಯಿತು ಎಂದು ಹಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅಷ್ಟು ಸರಿಯಲ್ಲ. ಚಾಂಪಿಯನ್ ಆದದ್ದು ಅದೇ ಕಂಪನಿ ರೇಸಿಗೆಂದೇ ಹೊಸದಾಗಿ ಮಾಡಿದ ನಾಲ್ಕು ಸಿಲಿಂಡರಿನ, ಎರಡು ಕ್ಯಾಮ್‌ಶಾಫ್ಟಿನ ಎಂಜಿನ್. 1500 ಸಿ.ಸಿ.ಯಿಂದ ಶುರುವಾಗಿ, ಎರಡು ಲೀಟರ್ ಹತ್ತಿರ ಬಂದು, 1959ಕ್ಕೆ ಎರಡೂವರೆ ಲೀಟರ್ ಆಯಿತು. ಪಂಪು ತಂದುಕೊಟ್ಟದ್ದು ಪರಿಚಯ. ಪಂಪಿಲ್ಲದಿದ್ದರೆ ಆ ಕಂಪನಿ ರೇಸಿನ ಕಡೆ ತಲೆ ಹಾಕುತ್ತಿರಲಿಲ್ಲ.

ಗೇರ್‌ಬಾಕ್ಸ್ ಎಲ್ಲಿಂದ ತಂದರು? ಫ್ರಾನ್ಸಿನ ಸಿಟ್ರೊಯೆನ್ ಟ್ರ್ಯಾಕ್ಷನ್ ಅವಾಂ ಎಂಬ ಮನೆಬಳಕೆಯ ಕಾರಿನಿಂದ. ಅದು ಮುಂದಿನ ಚಕ್ರ ಎಳೆಯುವ ಕಾರು, ಗೇರ್‌ಬಾಕ್ಸೂ, ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆಯಲ್ಲಿ. ಅದನ್ನು ಹಿಂದುಮುಂದು ಮಾಡಿ ಬಾಲದಲ್ಲಿ ಕೂರಿಸಿದರು.

ಇಷ್ಟು ಹೇಳುವಾಗ ಮೂರನೇ ಸಾಲಿನಿಂದ ಒಬ್ಬ ಮೆಕ್ಯಾನಿಕ್ ಕೈ ಎತ್ತಿದರು. "ಸಾರ್, ಹಂಗೆ ತಿರುಗಿಸಿ ಇಟ್ರೆ ಮೂರು ರಿವರ್ಸು, ಒಂದೇ ಫಾರ್ವರ್ಡ್ ಆಗಲ್ವಾ?"

ಆಗುತ್ತದೆ! ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಚಕ್ರ ಕ್ರೌನ್ ವೀಲನ್ನು, ಅದನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರ ಪಿನಿಯನ್ನಿನ ಆಚೆ ಬದಿಗೆ ದಾಟಿಸಿದರೆ ಮಾತ್ರ ಸರಿಹೋಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದೆ, ತರಗತಿಯಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ. ಆ ಪೆಟ್ಟಿಗೆ ಮನೆ ಕಾರಿಗೆಂದು ಎರಕ ಹೊಯ್ದದ್ದು, ರೇಸಿನ ಹೊಡೆತಕ್ಕೆ ಅದೇ ಕೂಪರ್ ಕಂಪನಿಯ ದೊಡ್ಡ ತಲೆನೋವಾಯಿತು. ಅದಕ್ಕೆ ಪಕ್ಕೆಲುಬು ಕೊಟ್ಟು ಗಟ್ಟಿ ಮಾಡಿಸಲು ಪ್ಯಾರಿಸ್ಸಿಗೆ ಹೋದವರು ಬೇರೆ ಯಾರೂ ಅಲ್ಲ, ಕಂಪನಿಯ ಚಾಲಕರೇ.

ಅವರು ಜ್ಯಾಕ್ ಬ್ರಾಬಮ್. ಆಸ್ಟ್ರೇಲಿಯಾದಿಂದ 1955ರಲ್ಲಿ ಬಂದು, ಕೂಪರ್ ಗ್ಯಾರೇಜಿಗೆ ನುಗ್ಗಿ, ತನ್ನ ಕಾರನ್ನು ತಾನೇ ಅಲ್ಲಿ ಕಟ್ಟಿಕೊಂಡು ಅದೇ ವರ್ಷ ಬ್ರಿಟಿಷ್ ಗ್ರ್ಯಾನ್ ಪ್ರಿಗೆ ಇಳಿದವರು. ಮಾತು ಕಡಿಮೆ, ಸ್ಪ್ಯಾನರ್ ಜಾಸ್ತಿ. 1957ರ ಮೊನಾಕೊದಲ್ಲಿ ದೊಡ್ಡ ದೊಡ್ಡ ಕಾರುಗಳ ನಡುವೆ ಮೂರನೆಯ ಸ್ಥಾನಕ್ಕೆ ಬಂದಿದ್ದಾಗ ಪೆಟ್ರೋಲ್ ಪಂಪಿನ ಆಧಾರ ಮುರಿಯಿತು. ಇಳಿದು, ಕಾರನ್ನು ತಳ್ಳಿಕೊಂಡೇ ಗೆರೆ ದಾಟಿ ಆರನೆಯವರಾದರು. ತಳ್ಳುವ ವಿಷಯ ನೆನಪಿಟ್ಟುಕೊಳ್ಳಿ.

1958ರ ಜನವರಿ 19, ಬ್ಯೂನಸ್ ಐರಿಸ್. ಕೂಪರ್ ಕಂಪನಿ ಹೋಗಿರಲಿಲ್ಲ. ರಾಬ್ ವಾಕರ್ ಎಂಬ ಖಾಸಗಿ ಮಾಲೀಕರ ಎರಡು ಲೀಟರ್‌ಗೂ ಕಡಿಮೆಯ ಒಂದು ಕೂಪರ್, ಅದರಲ್ಲಿ ಸ್ಟರ್ಲಿಂಗ್ ಮಾಸ್. ಎದುರಿಗೆ ಎರಡೂವರೆ ಲೀಟರ್ ವರ್ಗದ ಫೆರಾರಿಗಳು, ಮಸೆರಾಟಿಗಳು. ಒಟ್ಟು ಹತ್ತೇ ಕಾರು ಎಂಬುದೂ ನಿಜ, ಹಲವು ತಂಡಗಳು ಬಂದಿರಲಿಲ್ಲ. ಸುಡುಬಿಸಿಲಿಗೆ ಟೈರು ಸವೆಯುತ್ತದೆ, ನಡುವೆ ಬದಲಿಸಲೇಬೇಕು ಎಂದು ಎಲ್ಲರ ಲೆಕ್ಕ. ಫೆರಾರಿಯ ಚಕ್ರಕ್ಕೆ ನಡುವೆ ಒಂದೇ ದೊಡ್ಡ ನಟ್ಟು, ಸುತ್ತಿಗೆಯಲ್ಲಿ ಹೊಡೆದು ಬಿಚ್ಚಬಹುದು. ಕೂಪರ್‌ನ ಚಕ್ರಕ್ಕೆ ನಮ್ಮ ಕಾರಿನ ಹಾಗೆ ನಾಲ್ಕು ನಾಲ್ಕು ನಟ್ಟು. ಬದಲಿಸಲು ನಿಂತರೆ ಓಟ ಮುಗಿದಂತೆಯೇ. ಹಾಗಾಗಿ ಮಾಸ್ ನಿಲ್ಲದಿರಲು ನಿರ್ಧರಿಸಿದರು, ಆದರೆ ನಿಲ್ಲುವವರ ಹಾಗೆ ನಟಿಸಿದರು. ಮೆಕ್ಯಾನಿಕ್ ಆಲ್ಫ್ ಫ್ರಾನ್ಸಿಸ್ ಟೈರುಗಳನ್ನು ಹೊರಗೆ ಜೋಡಿಸಿಟ್ಟು ಸಿದ್ಧತೆಯ ನಾಟಕ ಆಡಿದರು. ಫೆರಾರಿಯವರು ನಂಬಿದರು, ಇವನು ಹೇಗೂ ನಿಲ್ಲುತ್ತಾನೆ, ಅವಸರ ಬೇಡ ಎಂದು ಸಾವಕಾಶ ಬಂದರು. ನಾಟಕ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕೊನೆಯ ಸುತ್ತುಗಳಲ್ಲಿ ಟೈರಿನ ರಬ್ಬರು ಹೋಗಿ ಒಳಗಿನ ಬಟ್ಟೆ ಕಾಣುತ್ತಿತ್ತು. ಮಾಸ್ ರಸ್ತೆಯಲ್ಲಿ ಎಣ್ಣೆ ಬಿದ್ದ ಜಾಗ ಹುಡುಕಿ ಹುಡುಕಿ ಅದರ ಮೇಲೆ ಓಡಿಸಿದರು, ಅಲ್ಲಿ ಸವೆತ ಕಡಿಮೆ ಅಂತ. ಲುಯಿಜಿ ಮುಸ್ಸೊ ಅವರ ಫೆರಾರಿಗಿಂತ 2.7 ಸೆಕೆಂಡ್ ಮುಂದೆ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಿಂದೆಂಜಿನ್ ಕಾರಿನ ಮೊದಲ ಗೆಲುವು. ಮುಂದಿನ ಓಟ ಮೊನಾಕೊ, ಅದನ್ನೂ ವಾಕರ್ ಅವರ ಕೂಪರ್‌ನಲ್ಲೇ ಮಾರಿಸ್ ಟ್ರಿಂಟಿನ್ಯಾಂ ಗೆದ್ದರು.

ಭಾರೀ ಕಾರಾಗಿದ್ದರೆ ಆ ಟೈರುಗಳು ಅಷ್ಟು ದೂರ ಬರುತ್ತಿರಲಿಲ್ಲ. ನಾಟಕ ಚೆನ್ನಾಗಿತ್ತು, ಆದರೆ ನಾಟಕ ಆಡಲು ಅವಕಾಶ ಕೊಟ್ಟದ್ದು ಕಾರಿನ ತೂಕ.

ಎಂಜೊ ಫೆರಾರಿ ಇಂಗ್ಲೆಂಡಿನ ಇಂಥ ಪುಟ್ಟ ತಯಾರಕರನ್ನು ಗ್ಯಾರೇಜಿನವರು ಎಂದು ಹಂಗಿಸುತ್ತಿದ್ದರು. ಎತ್ತು ಗಾಡಿಯನ್ನು ಎಳೆಯಬೇಕು, ತಳ್ಳುವುದಲ್ಲ ಎಂಬ ಮಾತೂ ಅವರ ಹೆಸರಿನಲ್ಲಿ ಪ್ರಸಿದ್ಧ. 1959ರಲ್ಲಿ ತಳ್ಳುವ ಎತ್ತು ಚಾಂಪಿಯನ್ ಆಯಿತು. ಆ ವರ್ಷದ ಕೊನೆಯ ಓಟ ಡಿಸೆಂಬರ್ 12ರಂದು ಅಮೆರಿಕದ ಸೆಬ್ರಿಂಗ್‌ನಲ್ಲಿ. ಬ್ರಾಬಮ್ ಮುಂದಿದ್ದರು. ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಖಾಲಿ. ಹಿಂದೆ ಬರುತ್ತಿದ್ದ ತಮ್ಮದೇ ತಂಡದ ಬ್ರೂಸ್ ಮೆಕ್‌ಲಾರೆನ್‌ಗೆ ಹೋಗು ಹೋಗು ಎಂದು ಕೈ ಬೀಸಿದರು. 22 ವರ್ಷದ ಆ ಹುಡುಗ ಗೆದ್ದ. ಬ್ರಾಬಮ್ ಹೆಲ್ಮೆಟ್ ತೆಗೆದು, ಇಳಿದು, ನೂರಾರು ಗಜ ಏರಿನಲ್ಲಿ ಕಾರು ತಳ್ಳಿ, ಗೆರೆ ದಾಟಿ, ನೆಲಕ್ಕೆ ಕುಸಿದರು. ನಾಲ್ಕನೆಯ ಸ್ಥಾನ, ವಿಶ್ವ ಚಾಂಪಿಯನ್ ಪಟ್ಟ. ಆ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಮಾಂದಲ್‌ಪಟ್ಟಿ ದಾರಿಯಲ್ಲಿ ಕೆಟ್ಟ ಜೀಪು ತಳ್ಳುವ ಡ್ರೈವರ್ ಹುಡುಗರು ನೆನಪಾಗುತ್ತಾರೆ.

ಇನ್ನು ಬಗ್ಗಿದ ಪೈಪಿನ ಕಥೆ. ಕೂಪರ್ ಕಾರುಗಳ ಚಾಸಿ ಪೈಪುಗಳು ನೇರವಾಗಿರುವುದಿಲ್ಲ, ಬಿಲ್ಲಿನ ಹಾಗೆ ಬಾಗಿರುತ್ತವೆ. ಎಂಜಿನಿಯರಿಂಗ್ ಓದಿದ ಯಾರಾದರೂ ತಪ್ಪು ಎನ್ನುತ್ತಾರೆ: ನೇರ ಪೈಪು ಒತ್ತಡವನ್ನು ನೆಟ್ಟಗೆ ತಡೆಯುತ್ತದೆ, ಬಾಗಿದ್ದು ಇನ್ನಷ್ಟು ಬಾಗಲು ನೋಡುತ್ತದೆ. ನಕ್ಷೆ ಬರೆಯುತ್ತಿದ್ದವರು ಓವನ್ ಮ್ಯಾಡಕ್, ಗಡ್ಡಧಾರಿ, ಜಾಝ್ ವಾದ್ಯಗಾರ. ಒಂದಾದ ಮೇಲೊಂದು ನಕ್ಷೆ ತೋರಿಸಿದರೂ ಮುದುಕ ಚಾರ್ಲ್ಸ್ ಇದಲ್ಲ, ಇನ್ನೊಂದು ಬರಿ ಎನ್ನುತ್ತಲೇ ಇದ್ದರಂತೆ. ರೇಗಿಹೋಗಿ ತಮಾಷೆಗೆಂದು ಒಂದು ಪೈಪನ್ನೂ ಬಿಡದೆ ಬಗ್ಗಿಸಿ ಬರೆದು ತೋರಿಸಿದರೆ, ಮುದುಕ ಕಸಿದುಕೊಂಡು, ಹಾಂ, ಇದೇ ಎಂದುಬಿಟ್ಟರು! ಮ್ಯಾಡಕ್ ತಾವೇ ಹೇಳಿಕೊಂಡದ್ದು ಇದು. ಅದರಲ್ಲಿ ಗ್ಯಾರೇಜಿನ ಒಂದು ಬುದ್ಧಿಯೂ ಇತ್ತೆನ್ನಿ. ಮೈಯ ತಗಡು ಬಾಗಿರುವ ಹಾಗೆಯೇ ಪೈಪೂ ಬಾಗಿದ್ದರೆ ತಗಡನ್ನು ಹಿಡಿಯಲು ಬೇರೆ ಚೌಕಟ್ಟು ಬೇಡ.

1960ರ ಆರಂಭದಲ್ಲಿ ಅರ್ಜೆಂಟೀನಾದ ಓಟವನ್ನು ಮೆಕ್‌ಲಾರೆನ್ ಗೆದ್ದರೂ ಅಲ್ಲಿ ಹೊಸ ಲೋಟಸ್ ಕಾರಿನ ವೇಗ ನೋಡಿ ಜಾನ್ ಮತ್ತು ಬ್ರಾಬಮ್‌ಗೆ ಎದೆ ಧಸಕ್ಕೆಂದಿತು. ಲೋಟಸ್‌ನ ಕಾಲಿನ್ ಚಾಪ್‌ಮನ್ ಕೂಪರ್‌ನ ಉಪಾಯವನ್ನೇ ತೆಗೆದುಕೊಂಡು ಲೆಕ್ಕ ಹಾಕಿ ಮಾಡಿದ್ದರು. ವಿಮಾನದಲ್ಲಿ ವಾಪಸು ಬರುವಾಗಲೇ ಇಬ್ಬರೂ ಹೊಸ ಕಾರಿನ ಲೆಕ್ಕಾಚಾರ ಹಾಕಿದರು. ಇನ್ನೂ ಕುಳ್ಳು, ಐದು ಗೇರಿನ ತಮ್ಮದೇ ಗೇರ್‌ಬಾಕ್ಸ್, ಹಿಂದೆ ಸುರುಳಿ ಸ್ಪ್ರಿಂಗ್. 1946ರಲ್ಲಿ ಗುಜರಿ ಫಿಯಟ್ಟಿನಿಂದ ಬಂದ ಅಡ್ಡ ಕಮಾನಿನ ಋಣ ಹಿಂಬದಿಯಲ್ಲಿ ಅಲ್ಲಿಗೆ ಹರಿಯಿತು. ಆ ಕಾರಿನಲ್ಲಿ ಬ್ರಾಬಮ್ ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್, ಬ್ರಿಟನ್, ಪೋರ್ಚುಗಲ್ ಹೀಗೆ ಸಾಲಾಗಿ ಐದು ಓಟ ಗೆದ್ದು ಎರಡನೇ ಸಲ ಚಾಂಪಿಯನ್ ಆದರು. ಮುಂದೆಂಜಿನ್ ಕಾರು ಗೆದ್ದ ಕೊನೆಯ ಚಾಂಪಿಯನ್‌ಷಿಪ್ ಓಟವೂ ಅದೇ ವರ್ಷ ಇಟಲಿಯ ಮೊಂಜಾದಲ್ಲಿ, ಅದೂ ಬ್ರಿಟಿಷ್ ತಂಡಗಳು ಬಹಿಷ್ಕಾರ ಹಾಕಿ ಹೋಗದಿದ್ದಾಗ. 1961ಕ್ಕೆ ಫೆರಾರಿಯ ಎತ್ತೂ ಗಾಡಿಯ ಹಿಂದೆ ಬಂತು, ಬಂದು ಚಾಂಪಿಯನ್ನೂ ಆಯಿತು. ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 4.2 ಲೀಟರಿನ ಗೂಳಿಗಳ ನಡುವೆ 2.7 ಲೀಟರಿನ ಕೂಪರ್ ಓಡಿಸಿ ಬ್ರಾಬಮ್ ಒಂಬತ್ತನೆಯವರಾದರು. ಅಲ್ಲಿನವರು ನಕ್ಕರು. ನಾಲ್ಕೇ ವರ್ಷದಲ್ಲಿ ಅಲ್ಲೂ ಹಿಂದೆಂಜಿನ್ನಿನ ಲೋಟಸ್ ಗೆದ್ದಿತು.

ಇಳಿಜಾರಿನ ಕಥೆಯನ್ನು ಬೇಗ ಹೇಳುತ್ತೇನೆ. ಬ್ರಾಬಮ್ 1961ರ ಕೊನೆಗೆ ಹೊರಟು ಸ್ವಂತ ಕಾರು ಮಾಡಿದರು, 1966ರಲ್ಲಿ ಆ ಕಾರಿನಲ್ಲೇ ಚಾಂಪಿಯನ್ ಆದರು. ಮೆಕ್‌ಲಾರೆನ್ ಕೂಡ 1965ರ ನಂತರ ತಮ್ಮ ದಾರಿ ಹಿಡಿದರು, ಆ ಹೆಸರು ಇವತ್ತೂ ಓಡುತ್ತಿದೆ. 1962ರಲ್ಲಿ ಲೋಟಸ್ ಪೈಪುಗಳನ್ನೇ ಕೈಬಿಟ್ಟು ಅಲ್ಯೂಮಿನಿಯಂ ತಗಡಿನ ತೊಟ್ಟಿಯಂಥ ಚಾಸಿ ತಂದಿತು. ಕೂಪರ್ ಪೈಪು ಬಗ್ಗಿಸುತ್ತಲೇ ಇತ್ತು. 1964ರಲ್ಲಿ ಚಾರ್ಲ್ಸ್ ತೀರಿಕೊಂಡರು, ಮರುವರ್ಷ ಜಾನ್ ರೇಸ್ ತಂಡವನ್ನು ಮಾರಿದರು. ಹೊಸ ಮಾಲೀಕರು ಭಾರದ ಮಸೆರಾಟಿ ಎಂಜಿನ್ ಹಾಕಿ ಇನ್ನೆರಡು ಓಟ ಗೆದ್ದರು, ಕೊನೆಯದು 1967ರ ದಕ್ಷಿಣ ಆಫ್ರಿಕಾ. ಒಟ್ಟು 16 ಗ್ರ್ಯಾನ್ ಪ್ರಿ ಗೆಲುವು. 1969ಕ್ಕೆ ತಂಡ ಮುಚ್ಚಿತು.

ಗ್ಯಾರೇಜಿನ ಜಾಣ್ಮೆಯನ್ನು ಇಷ್ಟೊತ್ತು ಹೊಗಳಿದವನು ಇದನ್ನೂ ಹೇಳಬೇಕು. ಕೈಗೆ ಸಿಕ್ಕಿದ್ದನ್ನು ಜೋಡಿಸಿ, ಓಡಿಸಿ, ಮುರಿದದ್ದನ್ನು ಗಟ್ಟಿ ಮಾಡುವ ಅಭ್ಯಾಸ ಅವರನ್ನು ಎಲ್ಲರಿಗಿಂತ ಮೊದಲು ಸರಿಯಾದ ಜಾಗಕ್ಕೆ ತಂದಿತು. ಎಂಜಿನ್ ಹಿಂದೆ ಏಕಿರಬೇಕು ಎಂಬುದು ಅವರಿಗೆ ಕೈಯಲ್ಲಿ ಗೊತ್ತಿತ್ತು. ಅದನ್ನೇ ಕಾಗದದಲ್ಲಿ ಲೆಕ್ಕ ಹಾಕುವವರು ಹಿಂದೆ ಬಂದಾಗ, ಮುಂದಿನ ಹೆಜ್ಜೆ ಯಾವುದೆಂದು ಕೈಗೆ ಹೊಳೆಯಲಿಲ್ಲ. ನಮ್ಮ ಊರಿನ ಒಳ್ಳೆಯ ಮೆಕ್ಯಾನಿಕ್‌ಗಳಿಗೆ, ಈಗ ಕಂಪ್ಯೂಟರ್ ಹೊತ್ತ ಎಂಜಿನ್ ಬಂದ ಮೇಲೆ, ಈ ಸಂಕಟ ಅರ್ಥವಾಗುತ್ತದೆ.

ಮಿನಿ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಬಂತು, 848 ಸಿ.ಸಿ., ಸಂಸಾರಸ್ಥರ ಕಾರು. ಗೆಳೆಯ ಜಾನ್ ಕೂಪರ್ ಅದನ್ನು ಓಡಿಸಿ, ಇದಕ್ಕೆ ಶಕ್ತಿ ಕೊಟ್ಟರೆ ಹುಲಿಯಾಗುತ್ತದೆ ಎಂದರು. ಮಿನಿ ಮಾಡುತ್ತಿದ್ದ ಕಂಪನಿಯ ಮುಖ್ಯಸ್ಥರು ಅನುಮಾನಿಸುತ್ತಲೇ ಸಾವಿರ ಕಾರಿಗೆ ಒಪ್ಪಿದರು. ಜಾನ್‌ಗೆ ಕಾರಿಗೆ ಎರಡು ಪೌಂಡ್. 1961ರಲ್ಲಿ ಬಂದದ್ದು 997 ಸಿ.ಸಿ., ಎರಡು ಕಾರ್ಬುರೇಟರ್, 55 ಅಶ್ವಶಕ್ತಿ, ಮುಂದೆ ಡಿಸ್ಕ್ ಬ್ರೇಕು. ಮಾಂಟೆ ಕಾರ್ಲೊ ರ‍್ಯಾಲಿಯನ್ನು ಮಿನಿ 1964, 1965, 1967ರಲ್ಲಿ ಗೆದ್ದಿತು. 1966ರಲ್ಲೂ ಮೊದಲ ಮೂರು ಸ್ಥಾನ ಅದರದೇ, ಹೆಡ್‌ಲೈಟ್ ಬಲ್ಬು ನಿಯಮದಂತಿಲ್ಲ ಎಂದು ಅನರ್ಹ ಮಾಡಿದರು. ಎಂಜಿನ್ನನ್ನು ಹಿಂದಿಟ್ಟು ಹೆಸರು ಮಾಡಿದವರ ಹೆಸರು ಉಳಿದಿರುವುದು ಎಂಜಿನ್ ಮುಂದಿರುವ, ಮುಂದಿನ ಚಕ್ರ ಎಳೆಯುವ ಕಾರಿನ ಮೇಲೆ. ಎಂಜೊ ಫೆರಾರಿ ಇದಕ್ಕೆ ಮೀಸೆಯಲ್ಲೇ ನಕ್ಕಿರಬಹುದು, ಮೀಸೆ ಇದ್ದಿದ್ದರೆ.

ಪ್ರಶ್ನೆಗಳಿಗೆ ಸಮಯ ಕಡಿಮೆ ಇತ್ತು, ಮರುದಿನ ಬೆಳಿಗ್ಗೆ ಎಲ್ಲರೂ ಗದ್ದೆಯಲ್ಲಿರಬೇಕು. ಕೊನೆಗೆ ಎದ್ದವನು ಹತ್ತೊಂಬತ್ತು ಇಪ್ಪತ್ತರ ಹುಡುಗ, ಮೊದಲ ಸಲ ಸ್ಪರ್ಧೆಗೆ ಹೆಸರು ಕೊಟ್ಟಿದ್ದವನು.

"ಅಂಕಲ್, ಅಷ್ಟು ದೂರ ತಳ್ಳೋವಾಗ ಯಾರೂ ಕೈ ಕೊಡ್ಲಿಲ್ವಾ?"

ಕೊಡುವ ಹಾಗಿರಲಿಲ್ಲ, ಬೇರೆಯವರು ಮುಟ್ಟಿದರೆ ಅನರ್ಹ. ಸುತ್ತ ಜನ, ಪೊಲೀಸರು, ಫೋಟೊದವರು ಜೊತೆಯಲ್ಲಿ ನಡೆದರು, ತಳ್ಳಿದ್ದು ಅವರೊಬ್ಬರೇ ಎಂದೆ.

"ಹಾಗಾದ್ರೆ ನಾಳೆ ನಾನು ಟ್ಯಾಂಕ್ ಫುಲ್ ಮಾಡ್ಕೊಂಡೇ ಬರ್ತೀನಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಅವನ ಅಪ್ಪ ಕೂತಲ್ಲಿಂದಲೇ ಕೂಗಿದರು. "ಮೂರು ಸುತ್ತಿಗೆ ಮೂರು ಲೀಟರ್ ಸಾಕು ಮಗ. ಇಷ್ಟೊತ್ತು ಅವರು ಭಾರದ ವಿಷಯ ಯಾರಿಗೆ ಹೇಳಿದ್ದು?"